ಹೊಟ್ಟೆಯೊಳಗಿನ ಕಪ್ಪೆ

ಬೇಲೂರಿನ ದೇವಸ್ಥಾನದ ಅಂಗಳದಲ್ಲಿ, ದೊಡ್ಡ ಗುಡಿಯ ತೆಂಕಣ ಮಗ್ಗುಲಿಗೆ, ಕಪ್ಪೆ ಚೆನ್ನಿಗರಾಯನ ಗುಡಿ ಇದೆ. ಬಂದವರೆಲ್ಲ ಮದನಿಕೆಯರ ಕೆಳಗೆ ಕತ್ತು ನೋಯುವಷ್ಟು ಹೊತ್ತು ನಿಲ್ಲುತ್ತಾರೆ, ಇಲ್ಲಿ ಎರಡು ನಿಮಿಷ ನಿಂತು ಹೊರಟುಬಿಡುತ್ತಾರೆ. ಆ ಎರಡು ನಿಮಿಷದಲ್ಲಿ ಗೈಡು ಹೇಳುವ ಕತೆ ನಮಗೆಲ್ಲ ಪ್ರೈಮರಿ ಶಾಲೆಯಿಂದಲೇ ಗೊತ್ತು. ಜಕಣಾಚಾರಿ ಕಡೆದ ವಿಗ್ರಹ ಪ್ರತಿಷ್ಠೆಗೆ ಸಿದ್ಧವಾಗಿದೆ. ಎಲ್ಲಿಂದಲೋ ಬಂದ ಹುಡುಗನೊಬ್ಬ ಈ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ತೋರಿಸಿಕೊಟ್ಟರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣಾಚಾರಿ ಪಂಥ ಕಟ್ಟುತ್ತಾನೆ. ವಿಗ್ರಹದ ಮೈಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆಯೂ ಗಂಧ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿಗೆ ಉಳಿ ತಾಗಿಸಿದರೆ ನೀರು ಚಿಮ್ಮಿ ಜೀವಂತ ಕಪ್ಪೆಯೊಂದು ಹೊರಗೆ ನೆಗೆಯುತ್ತದೆ.

ಇತಿಹಾಸಕಾರರು ಈ ಕತೆಯನ್ನು ಒಪ್ಪುವುದಿಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಂಥವರ ಹೆಸರುಗಳು. ಇರಲಿ. ನನಗೆ ಬೇಕಾಗಿರುವುದು ಕಪ್ಪೆ. ಜೀವ ಇರಲು ಸಾಧ್ಯವೇ ಇಲ್ಲ ಎಂದು ಬಲ್ಲವರು ಕೈ ಪಣವಿಟ್ಟು ಹೇಳಿದ ಜಾಗದಲ್ಲಿ, ಅದೂ ಹೊಟ್ಟೆಯಲ್ಲಿ, ಒಂದು ಜೀವ ಸುಮ್ಮನೆ ಕೂತಿತ್ತು.

ಕಳೆದ ಶತಮಾನದ ಬಹುಪಾಲು ವೈದ್ಯರು ಮನುಷ್ಯನ ಜಠರದ ಬಗ್ಗೆ ಹೇಳುತ್ತಿದ್ದುದೂ ಅದೇ. ಅಲ್ಲಿರುವುದು ಆಮ್ಲ, ಆ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯವೂ ಮನೆಮಾಡಲಾರದು. ಹೊಟ್ಟೆಯ ಹುಣ್ಣಿಗೆ ಕಾರಣ ಚಿಂತೆ, ಖಾರ, ಸಿಗರೇಟು, ಹೊತ್ತಿಗೆ ಸರಿಯಾಗಿ ಉಣ್ಣದಿರುವುದು. ನಮ್ಮ ದೊಡ್ಡಪ್ಪನಿಗೂ ಎಲ್ಲರೂ ಹೇಳಿದ್ದು ಇದನ್ನೇ. ಅರಸೀಕೆರೆಯಲ್ಲಿ ಅವರದು ಕೊಬ್ಬರಿ ವ್ಯಾಪಾರ. ಹರಾಜಿನ ದಿನ ದರ ಬಿದ್ದರೆ ಅವರ ಹೊಟ್ಟೆ ಉರಿಯುತ್ತಿತ್ತು, ದರ ಏರಿದರೂ ಉರಿಯುತ್ತಿತ್ತು. ಅಂಗಿಯ ಜೇಬಿನಲ್ಲಿ ಒಂದು ಕಡೆ ಚೀಟಿಗಳು, ಇನ್ನೊಂದು ಕಡೆ ಜೆಲುಸಿಲ್ ಮಾತ್ರೆಯ ಹಾಳೆ. ‘ಏನ್ ದೊಡ್ಡಪ್ಪ, ಮತ್ತೆ ಹೊಟ್ಟೇನಾ?’ ಅಂದರೆ ‘ಗ್ಯಾಸ್ಟ್ರಿಕ್ ಕಣೋ, ಅದೇನು ಹೊಸದಾ’ ಅನ್ನುತ್ತಿದ್ದರು. ನಲವತ್ತು ವರ್ಷ ಅದೇ ಉತ್ತರ.

ಆ ‘ಗ್ಯಾಸ್ಟ್ರಿಕ್’ ಅನ್ನುವ ಒಂದು ಮಾತಿನ ಒಳಗೆ ಎಷ್ಟು ದೊಡ್ಡ ಮತ್ತು ಎಷ್ಟು ಸಣ್ಣ ಸಂಖ್ಯೆಗಳಿವೆ ಎಂಬುದನ್ನು ನಾನು ಲೆಕ್ಕ ಹಾಕಲು ಕೂತಿದ್ದು ದೊಡ್ಡಪ್ಪನ ಹೊಟ್ಟೆಗೆ ಕ್ಯಾಮೆರಾ ಬಿಟ್ಟ ಮೇಲೆ.

ಮೊದಲು ಆಮ್ಲ. ಬೆಳೆದ ಮನುಷ್ಯನ ಜಠರ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ರಸ ಸುರಿಸುತ್ತದೆ. ಎರಡು ಲೀಟರ್ ಎಂದೇ ಹಿಡಿಯೋಣ. ವರ್ಷಕ್ಕೆ 730 ಲೀಟರ್, ಅರವತ್ತು ವರ್ಷಕ್ಕೆ 43,800 ಲೀಟರ್. ಬೇಸಿಗೆಯಲ್ಲಿ ಅರಸೀಕೆರೆ ಸೀಮೆಯ ಹಳ್ಳಿಗಳಿಗೆ ಟ್ಯಾಂಕರ್ ನೀರು ಬರುವುದನ್ನು ನೋಡಿದವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಐದು ಸಾವಿರ ಲೀಟರ್ ಹಿಡಿಯುವ ಟ್ಯಾಂಕರುಗಳಾದರೆ ಹತ್ತಿರ ಹತ್ತಿರ ಒಂಬತ್ತು ಟ್ಯಾಂಕರ್. ಒಬ್ಬ ಮನುಷ್ಯ, ಒಂದು ಜೀವಮಾನ, ಒಂಬತ್ತು ಟ್ಯಾಂಕರ್ ಜಠರರಸ.

ಈ ಆಮ್ಲವನ್ನು ಹಿಂಡುವ ಕೋಶಗಳು ಜಠರದ ಗೋಡೆಯಲ್ಲಿ ಸುಮಾರು 100 ಕೋಟಿ. ಒಂದೊಂದರ ಮೈಯಲ್ಲೂ ಲೆಕ್ಕವಿಲ್ಲದಷ್ಟು ಪುಟ್ಟ ಪಂಪುಗಳು. ಕೋಶದ ಒಳಗಿನಿಂದ ಹೈಡ್ರೋಜನ್ ಅಯಾನುಗಳನ್ನು ಎತ್ತಿ ಜಠರದ ಕಡೆಗೆ ಎಸೆಯುವುದೇ ಅವುಗಳ ಕಸುಬು. ರಕ್ತದ ಪಿಎಚ್ 7.4. ಹಸಿದ ಜಠರದ ಪಿಎಚ್ 1ರ ಹತ್ತಿರಕ್ಕೂ ಇಳಿಯುತ್ತದೆ. ಕಾಗದದ ಮೇಲೆ ಆರು ಚಿಲ್ಲರೆ ಅಂಕದ ವ್ಯತ್ಯಾಸ ಅಷ್ಟೆ. ಆದರೆ ಪಿಎಚ್ ಅಳತೆಯಲ್ಲಿ ಒಂದೊಂದು ಅಂಕ ಇಳಿದಾಗಲೂ ಆಮ್ಲ ಹತ್ತು ಪಟ್ಟಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ ರಕ್ತದ ಕಡೆಗಿಂತ ಜಠರದ ಕಡೆ 25 ಲಕ್ಷ ಪಟ್ಟು. ಮೈಸೂರು ಕಡೆ ಬೋರ್‌ವೆಲ್‌ನಿಂದ ನೀರೆತ್ತುವ ಯಾವ ಮೋಟಾರೂ ಇಂಥ ಏರನ್ನು ಕಂಡಿಲ್ಲ.

ಹಾಗಿದ್ದರೆ ಜಠರ ತನ್ನನ್ನು ತಾನೇ ಏಕೆ ಜೀರ್ಣಿಸಿಕೊಳ್ಳುವುದಿಲ್ಲ? ಒಳಗೋಡೆಯ ಮೇಲೆ ಲೋಳೆಯ ಒಂದು ಹೊದಿಕೆ ಇದೆ. ದಪ್ಪ ಹೆಚ್ಚುಕಡಿಮೆ 0.2 ಮಿಲಿಮೀಟರ್. ನೋಟ್‌ಬುಕ್ಕಿನ ಎರಡು ಹಾಳೆ ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟು. ಒಂಬತ್ತು ಟ್ಯಾಂಕರ್ ಒಂದು ಕಡೆ, ಎರಡು ಹಾಳೆ ಇನ್ನೊಂದು ಕಡೆ. ಲೋಳೆಯ ಮೇಲ್ಭಾಗ ಆಮ್ಲ, ತಳಭಾಗ ಹತ್ತಿರ ಹತ್ತಿರ ಸಿಹಿನೀರು. ನಮ್ಮ ಕಪ್ಪೆ ಕೂತಿರುವುದು ಆ ತಳದಲ್ಲಿ.

ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಸುರುಳಿಯ ಆಕಾರ, ಉದ್ದ 3 ಮೈಕ್ರೋಮೀಟರ್ ಆಸುಪಾಸು, ಒಂದು ತುದಿಯಲ್ಲಿ ನಾಲ್ಕಾರು ಬಾಲಗಳು. 3 ಮೈಕ್ರೋಮೀಟರ್ ಎಂದರೆ ಏನು ಎಂಬುದು ನನಗೆ ತಿಳಿದದ್ದು ಹಳೇಬೀಡಿನಲ್ಲಿ. ಹೊಯ್ಸಳೇಶ್ವರನ ಗುಡಿಯ ಬುಡದ ಸಾಲಿನಲ್ಲಿ 1,248 ಆನೆಗಳಿವೆ ಎಂದು ಲೆಕ್ಕ ಹೇಳುತ್ತಾರೆ. ಅವುಗಳನ್ನು ಎಣಿಸುತ್ತಾ ಗುಡಿಯನ್ನು ಸುತ್ತಿ ಬರುವಷ್ಟರಲ್ಲಿ ಕಾಲು ಸೋತು ಎಣಿಕೆ ತಪ್ಪುತ್ತದೆ. ನನಗಂತೂ ಮುನ್ನೂರರ ಹತ್ತಿರ ತಪ್ಪಿತು. ಅದೇ 1,248 ಆನೆಗಳ ಜಾಗದಲ್ಲಿ 1,248 ಹೆಲಿಕೋಬ್ಯಾಕ್ಟರುಗಳನ್ನು ಬಾಲಕ್ಕೆ ಮೂತಿ ತಾಗುವಂತೆ ನಿಲ್ಲಿಸಿದರೆ ಆ ಮೆರವಣಿಗೆಯ ಒಟ್ಟು ಉದ್ದ 3.7 ಮಿಲಿಮೀಟರ್. ಒಂದು ಅಕ್ಕಿಕಾಳಿನ ಉದ್ದಕ್ಕೂ ಸಾಲದು.

ಈಗ ಲೆಕ್ಕವನ್ನು ತಿರುಗಿಸೋಣ. ಆ ಸುರುಳಿಯನ್ನು ಒಂದು ಗೇಣಿನಷ್ಟು ಹಿಗ್ಗಿಸೋಣ, ಗೋಡೆಯ ಮೇಲಿನ ಒಂದು ಪುಟ್ಟ ಆನೆಯಷ್ಟು. ಅದರ ಜೊತೆಗೇ, ಅದೇ ಪ್ರಮಾಣದಲ್ಲಿ, ಅದರ ಮನೆಯಾದ ಜಠರವೂ ಹಿಗ್ಗಲಿ. ಜಠರದ ಉದ್ದವೂ ಹೆಚ್ಚುಕಡಿಮೆ ಒಂದು ಗೇಣೇ. ಒಂದು ಗೇಣಿನ ಜಠರ ಹಿಗ್ಗಿ ಎಷ್ಟಾಯಿತು? 16 ಕಿಲೋಮೀಟರ್. ಅಂದರೆ ಬೇಲೂರಿನಿಂದ ಹಳೇಬೀಡಿಗೆ ರಸ್ತೆಯ ದೂರ. ಎರಡು ಹಾಳೆ ದಪ್ಪದ ಲೋಳೆ ನಾಲ್ಕು ಮಹಡಿ ಎತ್ತರದ ಕೆಸರಾಯಿತು. ಈ ಗೇಣುದ್ದದ ಪ್ರಾಣಿ ಆಮ್ಲದ ಕಡಲಿನಲ್ಲಿ ಬಿದ್ದು, ತನ್ನ ಬಾಲಗಳನ್ನು ಬಡಿಯುತ್ತಾ, ನಾಲ್ಕು ಮಹಡಿ ಕೆಸರನ್ನು ಕೊರೆದು ಕೆಳಗಿಳಿದು, ನೆಲ ಮುಟ್ಟಿ ಕೂರಬೇಕು. ಹಾಗೆ ಕೂತಿದೆ. ನಮ್ಮ ದೇಶದಲ್ಲಿ ಹತ್ತು ಜನರಲ್ಲಿ ಆರು ಜನರ ಹೊಟ್ಟೆಯಲ್ಲಿ ಕೂತಿದೆ.

ಇಳಿಯುವಾಗ ಸುಡದಿರಲು ಅದರ ಬಳಿ ಒಂದು ಉಪಾಯವಿದೆ. ಯೂರಿಯೇಸ್ ಎಂಬ ಕಿಣ್ವ. ನಮ್ಮ ರಕ್ತದಿಂದ ಜಠರಕ್ಕೆ ಜಿನುಗುವ ಯೂರಿಯಾವನ್ನು ಒಡೆದು ಅದು ಅಮೋನಿಯ ಮಾಡುತ್ತದೆ. ಅಮೋನಿಯ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಹೊಲಕ್ಕೆ ಚೆಲ್ಲಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯ ಆಗುವುದೂ ಇದೇ ಬಗೆಯ ಕಿಣ್ವದಿಂದ. ಈ ಬ್ಯಾಕ್ಟೀರಿಯದ ಮೈಯಲ್ಲಿರುವ ಪ್ರೋಟೀನಿನಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಈ ಒಂದೇ ಕಿಣ್ವ. ಐವತ್ತು ಕೆ.ಜಿ. ಮನುಷ್ಯ ಐದು ಕೆ.ಜಿ. ಕೊಡೆ ಹೊತ್ತು ತಿರುಗಿದ ಹಾಗೆ. ಅದರ ಇಡೀ ಬಾಳಿನ ಬರಹ 16.7 ಲಕ್ಷ ಅಕ್ಷರ, ಸುಮಾರು 1,590 ಜೀನುಗಳು. 1997ರಲ್ಲಿ ಅದನ್ನು ಪೂರ್ತಿ ಓದಿದರು. ನಮ್ಮದು 300 ಕೋಟಿ ಅಕ್ಷರ.

ಕಪ್ಪೆಯನ್ನು ಮೊದಲು ತೋರಿಸಿದವರು ಆಸ್ಟ್ರೇಲಿಯಾದ ಪರ್ತ್ ಊರಿನವರು. 1979ರಲ್ಲಿ ರಾಬಿನ್ ವಾರನ್ ಎಂಬ ಪೆಥಾಲಜಿಸ್ಟ್ ಜಠರದ ತುಣುಕುಗಳಲ್ಲಿ ಈ ಸುರುಳಿಗಳನ್ನು ಕಂಡರು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಮೂವತ್ತರ ಹುಡುಗ, ಇನ್ನೂ ತರಬೇತಿಯಲ್ಲಿದ್ದವರು, ಅವರ ಜೊತೆ ಸೇರಿದರು. ತಟ್ಟೆಯಲ್ಲಿ ಬೆಳೆಸಲು ಹೋದರೆ ಬೆಳೆಯಲೊಲ್ಲದು. ಎರಡು ದಿನ ನೋಡಿ ಬಿಸಾಡುವುದು ಲ್ಯಾಬಿನ ವಾಡಿಕೆ. 1982ರ ಈಸ್ಟರ್ ರಜೆ ಉದ್ದವಾಗಿದ್ದರಿಂದ ತಟ್ಟೆಗಳು ಐದು ದಿನ ಹಾಗೇ ಉಳಿದವು, ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು. ಒಂದು ರಜೆಯ ಪುಣ್ಯ. ಆದರೂ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಸುಮಾರು 100 ಕೋಟಿ ಬ್ಯಾಕ್ಟೀರಿಯಗಳಿದ್ದ ಕಷಾಯವನ್ನು, ಹೆಂಡತಿಗೂ ಹೇಳದೆ, ತಾವೇ ಕುಡಿದರು. ಕೆಲವೇ ದಿನಕ್ಕೆ ವಾಂತಿ ಶುರುವಾಯಿತು, ಹತ್ತು ದಿನದ ಸುಮಾರಿಗೆ ಜಠರ ಕೆಂಪಗೆ ಊದಿಕೊಂಡಿತ್ತು. ಜಕಣಾಚಾರಿ ಕೈ ಪಣವಿಟ್ಟ, ಈತ ಹೊಟ್ಟೆಯನ್ನೇ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇನ್ನು ಇದು ಎಷ್ಟು ಹಳೆಯ ಬಾಡಿಗೆದಾರ ಎಂಬುದು. ಬೇಲೂರಿನ ಪ್ರತಿಷ್ಠೆ 1117ರಲ್ಲಿ, ಒಂಬೈನೂರು ವರ್ಷ ದಾಟಿತು. ಕೆಲಸ ಮೂರು ತಲೆಮಾರು, 103 ವರ್ಷ ನಡೆಯಿತು ಎನ್ನುತ್ತಾರೆ. ಮನುಷ್ಯ ಆಫ್ರಿಕಾದಿಂದ ಹೊರಟು ಸುಮಾರು 60,000 ವರ್ಷ, ಹೊರಡುವಾಗಲೇ ಇದು ಅವನ ಹೊಟ್ಟೆಯಲ್ಲಿತ್ತು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ 5,300 ವರ್ಷ ಹಿಂದಿನ ಮನುಷ್ಯನೊಬ್ಬನ ದೇಹ ಸಿಕ್ಕಿತು, ಊಟ್ಜಿ ಎಂದು ಹೆಸರಿಟ್ಟರು. 2016ರಲ್ಲಿ ಅವನ ಜಠರದಲ್ಲಿ ಹೆಲಿಕೋಬ್ಯಾಕ್ಟರಿನ ಬರಹ ಪತ್ತೆಯಾಯಿತು. ಯುರೋಪಿನ ಈಗಿನ ಜನರ ಹೊಟ್ಟೆಯ ತಳಿಗಿಂತ ಅದು ಹತ್ತಿರವಿದ್ದದ್ದು ಇಂದು ಮಧ್ಯ ಏಷ್ಯಾದಲ್ಲಿ, ನಮ್ಮ ಭಾರತದಲ್ಲಿ ಸಿಗುವ ತಳಿಗೆ! ಅದಕ್ಕಿಂತ ಸೋಜಿಗ ಇನ್ನೊಂದು. ಅದರ ಪಕ್ಕದಲ್ಲೇ ಕಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಕುರುಹೂ ಸಿಕ್ಕಿತು. ಉರಿಯೂತದ ಜಾಗಕ್ಕೆ ನುಗ್ಗುವ ಬಿಳಿ ರಕ್ತಕಣಗಳು ಬಿಟ್ಟುಹೋಗುವ ಗುರುತು ಅದು. ಐದು ಸಾವಿರ ವರ್ಷದ ಹಿಂದೆ ಆ ಹೊಟ್ಟೆಯಲ್ಲೂ ಕಾಳಗ ನಡೆದಿತ್ತು.

ಆ ಕಾಳಗದ ದಂಡಿನ ಗಾತ್ರ ಕೇಳಿ. ಬಿಳಿ ರಕ್ತಕಣಗಳಲ್ಲಿ ಮುಂಚೂಣಿಯವು ನ್ಯೂಟ್ರೋಫಿಲ್‌ಗಳು. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಹೆರುತ್ತದೆ. ಸೆಕೆಂಡಿಗೆ 11 ಲಕ್ಷಕ್ಕಿಂತ ಹೆಚ್ಚು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಎರಡು ನಿಮಿಷ ನಿಲ್ಲುತ್ತದೆ ಎಂದುಕೊಳ್ಳಿ. ನೀವು ಇಳಿದು, ಒಂದು ವಡೆ ಕೊಂಡು, ಚಿಲ್ಲರೆಗೆ ಕಾದು, ಓಡಿ ಹತ್ತುವಷ್ಟರಲ್ಲಿ ನಿಮ್ಮ ಮೂಳೆಗಳ ಒಳಗೆ 13 ಕೋಟಿಗೂ ಮಿಕ್ಕಿ ಹೊಸ ಸೈನಿಕರು ಹುಟ್ಟಿರುತ್ತಾರೆ. 2011ರ ಜನಗಣತಿಯ ಕರ್ನಾಟಕ 6.1 ಕೋಟಿ. ಎರಡು ಕರ್ನಾಟಕ, ಒಂದು ವಡೆಯ ಹೊತ್ತಿನಲ್ಲಿ.

ಎದುರಿಗೆ ಎಷ್ಟು? ಸೋಂಕು ತಗುಲಿದ ಜಠರದ ಲೋಳೆಯಲ್ಲಿ ಗ್ರಾಂಗೆ ಹತ್ತು ಸಾವಿರದಿಂದ ಒಂದು ಕೋಟಿ ಸುರುಳಿಗಳು. ಹೊಯ್ಸಳರ ಸೈನ್ಯದ ಎದುರು ಒಂದು ಓಣಿಯ ಜನ ನಿಂತಂತೆ. ಗೆಲುವು ಯಾರದೆಂದು ಕೇಳಬೇಕಾಗಿಯೇ ಇಲ್ಲ ಅನ್ನಿಸುತ್ತದೆ. ಆದರೆ ಗೆಲ್ಲುವುದು ಓಣಿ. ಚಿಕ್ಕಂದಿನಲ್ಲಿ, ಐದಾರು ವರ್ಷದೊಳಗೆ, ಒಂದೇ ತಟ್ಟೆಯ ಊಟ, ತೊಳೆಯದ ಕೈ, ಕೊಳಕು ನೀರು, ಇಂಥ ದಾರಿಯಲ್ಲಿ ಒಳಹೊಕ್ಕ ಸುರುಳಿ, ಯಾರೂ ಔಷಧಿ ಕೊಡದಿದ್ದರೆ, ಸಾಯುವ ತನಕ ಇರುತ್ತದೆ. ಮಜ್ಜೆ ಎಷ್ಟೇ ಕೋಟಿ ಕಳಿಸಲಿ.

ಏಕೆಂದರೆ ದಂಡು ಬರುವುದು ರಕ್ತದ ದಾರಿಯಿಂದ, ಗೋಡೆಯ ಒಳಗಿನಿಂದ. ಸುರುಳಿಗಳಲ್ಲಿ ಬಹುಪಾಲು ಗೋಡೆಯ ಆಚೆ, ಲೋಳೆಯಲ್ಲಿ. ಕೋಟೆಯ ಒಳಗೆ ಸೈನ್ಯ, ಕಂದಕದಲ್ಲಿ ಕಳ್ಳ. ಜೊತೆಗೆ ಕಳ್ಳ ಸದ್ದು ಮಾಡುವುದಿಲ್ಲ. ಬೇರೆ ಬ್ಯಾಕ್ಟೀರಿಯಗಳ ಹೊರಮೈಯಲ್ಲಿರುವ ಒಂದು ಪದಾರ್ಥವನ್ನು ಮೂಸಿದರೆ ನಮ್ಮ ರಕ್ಷಣಾ ಕೋಶಗಳು ಹೌಹಾರುತ್ತವೆ. ಇದರ ಹೊರಮೈಯ ಅದೇ ಪದಾರ್ಥ ಕರುಳಿನ ಇ. ಕೋಲಿಯದ್ದಕ್ಕಿಂತ ಸಾವಿರ ಪಟ್ಟು ಸಪ್ಪೆ. ಬಾಲದ ಪ್ರೋಟೀನನ್ನೂ ನಮ್ಮ ಕಾವಲುಕೋಶಗಳು ಗುರುತಿಸದ ಹಾಗೆ ಬದಲಿಸಿಕೊಂಡಿದೆ. ವ್ಯಾಕ್‌ಎ ಎಂಬ ವಿಷವೊಂದನ್ನು ಬಿಟ್ಟು ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಮರಿ ಹಾಕದಂತೆ ತಡೆಯುತ್ತದೆ. ಅರವತ್ತು ಸಾವಿರ ವರ್ಷ ಒಂದೇ ಮನೆಯಲ್ಲಿದ್ದರೆ ಯಜಮಾನನ ನಿದ್ದೆಯ ಹೊತ್ತು ಗೊತ್ತಾಗದೆ ಇರುತ್ತದೆಯೇ?

ಹಾಗೆಂದು ದಂಡು ಸುಮ್ಮನೆ ಮರಳುವುದಿಲ್ಲ. ಬಂದ ನ್ಯೂಟ್ರೋಫಿಲ್‌ಗಳು ಗೋಡೆಯಲ್ಲೇ ಬೀಡುಬಿಟ್ಟು, ಬ್ಯಾಕ್ಟೀರಿಯಕ್ಕೆಂದು ತಂದ ಬ್ಲೀಚಿಂಗ್‌ನಂಥ ರಾಸಾಯನಿಕಗಳನ್ನು ನಮ್ಮದೇ ಕೋಶಗಳ ಮೇಲೆ ಚೆಲ್ಲುತ್ತವೆ. ಲಿಂಫೋಸೈಟುಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬಂದು ಠಾಣೆ ಹೂಡುತ್ತವೆ. ಒಂದಕ್ಕೊಂದು ಕೂಗಿ ಹೇಳಿಕೊಳ್ಳಲು ಸೈಟೋಕೈನ್ ಎಂಬ ಸಂದೇಶದ ಪ್ರೋಟೀನುಗಳನ್ನು ಬಿಡುತ್ತವೆ. ಹಳೇಬೀಡಿನವರಿಗೆ ದಂಡಿನ ಕತೆ ಹೊಸದಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ಇಲ್ಲಿಗೆ, ಅಂದಿನ ದೋರಸಮುದ್ರಕ್ಕೆ, ಬಂದದ್ದು ಸುಲಿಯಲೆಂದೇ. ಇಲ್ಲಿ ಸುಲಿಯುವುದು ಕಾಯಲೆಂದು ನಾವೇ ಕರೆಸಿಕೊಂಡ ದಂಡು.

ಇಲ್ಲಿಯವರೆಗಿನ ಸಂಖ್ಯೆಗಳು ದೊಡ್ಡವು. ಕೋಟಿ ಕೇಳಿ ಕೇಳಿ ನಮಗೆ ಬೆರಗಾಗುವುದೂ ನಿಂತುಹೋಗಿದೆ, ಪೇಪರಿನಲ್ಲಿ ದಿನಾ ಬರುತ್ತದೆ. ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಒಂದು ಸಣ್ಣ ಸಂಖ್ಯೆ.

ಜಠರದ ಕೆಳಭಾಗದಲ್ಲಿ, ಕರುಳಿನ ಬಾಗಿಲ ಹತ್ತಿರ, ಜಿ ಕೋಶಗಳು ಎಂಬ ಕೋಶಗಳಿವೆ. ಊಟ ಬಿದ್ದದ್ದೇ ಅವು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ರಕ್ತ ಅದನ್ನು ಹೊತ್ತು ಊರೆಲ್ಲ ಸುತ್ತಿ ಮತ್ತೆ ಜಠರದ ಮೇಲ್ಭಾಗಕ್ಕೆ ತಂದು ಮುಟ್ಟಿಸುತ್ತದೆ. ಅಲ್ಲಿ ಹಿಸ್ಟಮಿನ್ ಬಿಡುಗಡೆಯಾಗಿ ಆ 100 ಕೋಟಿ ಕೋಶಗಳ ಪಂಪು ಶುರುವಾಗುತ್ತದೆ. ಹಸಿದ ಹೊಟ್ಟೆಯಲ್ಲಿ ರಕ್ತದ ಗ್ಯಾಸ್ಟ್ರಿನ್ ಒಂದು ಮಿಲಿಲೀಟರಿಗೆ 100 ಪಿಕೋಗ್ರಾಂ ಒಳಗಿದ್ದರೆ ಸರಿ. ಪಿಕೋಗ್ರಾಂ ಎಂದರೆ ಒಂದು ಗ್ರಾಮನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು.

50 ಪಿಕೋಗ್ರಾಂ ಎಂದು ಹಿಡಿಯೋಣ. ಇದನ್ನು ಕೆರೆಯ ಲೆಕ್ಕದಲ್ಲಿ ಹೇಳುತ್ತೇನೆ, ಊರಿನ ಹೆಸರೇ ಅರಸಿಯ ಕೆರೆ. ಎರಡೂವರೆ ಎಕರೆ ಹರಡಿದ, ಆಳು ಮುಳುಗುವಷ್ಟು, ಅಂದರೆ ಎರಡು ಮೀಟರ್ ನೀರು ನಿಂತ ಕೆರೆ. ಅದರಲ್ಲಿ ಎರಡು ಕೋಟಿ ಲೀಟರ್ ನೀರು. ಆ ಕೆರೆಗೆ ಒಂದು ಗ್ರಾಂ ಉಪ್ಪು ಹಾಕಿ ಕದಡಿ. ಹಾಕಿದ್ದು ಒಂದೆರಡು ಚಿಟಿಕೆ. ನೀರಿನಲ್ಲಿ ಉಪ್ಪು ಎಷ್ಟೋ ನಮ್ಮ ರಕ್ತದಲ್ಲಿ ಗ್ಯಾಸ್ಟ್ರಿನ್ ಅಷ್ಟು. ಸಾಲದೆಂದರೆ ರಾಗಿಯ ಲೆಕ್ಕ. ಒಂದು ರಾಗಿಕಾಳಿನ ತೂಕ ಹೆಚ್ಚುಕಡಿಮೆ 3 ಮಿಲಿಗ್ರಾಂ. ಒಬ್ಬ ಮನುಷ್ಯನ ಮೂರು ಲೀಟರ್ ಪ್ಲಾಸ್ಮಾದಲ್ಲಿರುವ ಗ್ಯಾಸ್ಟ್ರಿನ್‌ನ ಒಟ್ಟು ತೂಕ ಆ ಕಾಳಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಒಂದು ರಾಗಿಕಾಳಿನ ತೂಕದ ಗ್ಯಾಸ್ಟ್ರಿನ್ ಇಪ್ಪತ್ತು ಸಾವಿರ ಜನಕ್ಕೆ ಸಾಕು. 2011ರಲ್ಲಿ ಐವತ್ತು ಸಾವಿರ ದಾಟಿದ್ದ ಅರಸೀಕೆರೆ ಪಟ್ಟಣಕ್ಕೆಲ್ಲ ಮೂರು ಕಾಳು ಹೆಚ್ಚೇ. ಮೂರು ರಾಗಿಕಾಳು ಇಡೀ ಊರಿನ ಹೊಟ್ಟೆ ಉರಿಸುತ್ತದೆ, ಜೀರ್ಣವನ್ನೂ ಮಾಡಿಸುತ್ತದೆ.

ಹೊಯ್ಸಳರ ನಾಡಿನಲ್ಲಿ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಕತೆಯಲ್ಲಿ ಸುದತ್ತ ಮುನಿಗಳ ಮೇಲೆ ಹುಲಿ ಎರಗಲು ಬಂದಾಗ ಅವರು ಶಿಷ್ಯ ಸಳನಿಗೆ ಆಡಿದ್ದು ‘ಹೊಯ್ ಸಳ’ ಎಂಬ ಎರಡೇ ಮಾತು. ಮಾತಿಗೆ ತೂಕವಿಲ್ಲ, ಹೊಡೆತಕ್ಕೆ ಇದೆ. ಸಳ ಹೊಯ್ದ, ರಾಜವಂಶವೇ ಹುಟ್ಟಿತು. ಗ್ಯಾಸ್ಟ್ರಿನ್ ಜಠರದ ‘ಹೊಯ್’. ಹಾರ್ಮೋನ್ ಎಂಬ ಪದದ ಗ್ರೀಕ್ ಬೇರಿನ ಅರ್ಥವೂ ಎಬ್ಬಿಸು, ಹುರಿದುಂಬಿಸು ಎಂದೇ. ಸ್ಟಾರ್ಲಿಂಗ್ ಎಂಬ ವಿಜ್ಞಾನಿ ಆ ಪದವನ್ನು ಬಳಕೆಗೆ ತಂದ 1905ರಲ್ಲೇ ಜಾನ್ ಎಡ್ಕಿನ್ಸ್ ಎಂಬಾತ ಗ್ಯಾಸ್ಟ್ರಿನ್ ಇದೆ ಎಂದು ಸಾರಿದ. ಅವನಿಗೂ ಯಾರೂ ಸೊಪ್ಪು ಹಾಕಲಿಲ್ಲ, ಅದು ಬರೀ ಹಿಸ್ಟಮಿನ್ ಇರಬೇಕು ಎಂದರು. 1940ರಲ್ಲಿ ಅವನು ತೀರಿಕೊಂಡ. 1964ರಲ್ಲಿ ಲಿವರ್‌ಪೂಲಿನ ಗ್ರೆಗರಿ ಮತ್ತು ಟ್ರೇಸಿ ಹಂದಿಯ ಜಠರದಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿ ತೋರಿಸಿದರು. ಹೊಟ್ಟೆಯ ವಿಷಯದಲ್ಲಿ ನಿಜ ಹೇಳಿದವರಿಗೆಲ್ಲ ಇದೇ ಗತಿ.

‘ಹೊಯ್’ ಅನ್ನುವವರಿದ್ದ ಮೇಲೆ ‘ಸಾಕು’ ಅನ್ನುವವರೂ ಬೇಕು. ಅವು ಡಿ ಕೋಶಗಳು. ಜಿ ಕೋಶಗಳ ಪಕ್ಕದಲ್ಲೇ ಕೂತು, ಬೆರಳಿನಂಥ ಎಳೆಗಳನ್ನು ಅವುಗಳ ಕಡೆಗೆ ಚಾಚಿರುತ್ತವೆ. ಹುಡುಗನ ಭುಜದ ಮೇಲೆ ಕೈಯಿಟ್ಟ ಹಿರಿಯರಂತೆ. ಆಮ್ಲ ಅತಿಯಾದದ್ದು ತಿಳಿದೊಡನೆ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ಜಿನುಗಿಸಿ ಗ್ಯಾಸ್ಟ್ರಿನ್ ನಿಲ್ಲಿಸುತ್ತವೆ. ದಿನಕ್ಕೆ ಮೂರು ಹೊತ್ತು, ವರ್ಷವಿಡೀ, ಹೊಯ್, ಸಾಕು, ಹೊಯ್, ಸಾಕು.

ಹೆಲಿಕೋಬ್ಯಾಕ್ಟರ್ ಕೆಡಿಸುವುದು ಈ ಜೋಡಿಯನ್ನು. ಅದು ಕೆಡಿಸುವ ಬಗೆ ಮೊದಲು ತಿಳಿದದ್ದು ಒಂದು, ಆಮೇಲೆ ತಿಳಿದದ್ದು ಇನ್ನೊಂದು. ಸುರುಳಿ ತನ್ನ ಸುತ್ತ ಚೆಲ್ಲುವ ಅಮೋನಿಯದಿಂದಾಗಿ ಜಿ ಕೋಶಗಳಿಗೆ ಆಮ್ಲವೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ ಎಂದು ಎಂಬತ್ತರ ದಶಕದ ಕೊನೆಯಲ್ಲಿ ಊಹಿಸಿದ್ದರು. ಆಮೇಲೆ ಒಪ್ಪಿಗೆಯಾದದ್ದು ದಂಡಿನ ಕೈವಾಡ. ಬೀಡುಬಿಟ್ಟ ಬಿಳಿ ರಕ್ತಕಣಗಳು ಕಿರುಚುವ ಸೈಟೋಕೈನ್‌ಗಳು ಜಿ ಕೋಶಗಳ ಕಿವಿಗೂ ಬಿದ್ದು, ಅವು ಅದನ್ನೇ ‘ಹೊಯ್’ ಎಂದು ತಿಳಿದು ಗ್ಯಾಸ್ಟ್ರಿನ್ ಸುರಿಸುತ್ತವೆ. ಡಿ ಕೋಶಗಳು ಸೊರಗಿ, ಸಂಖ್ಯೆಯಲ್ಲೂ ಕಡಿಮೆಯಾಗಿ, ‘ಸಾಕು’ ಎನ್ನುವ ದನಿ ಕ್ಷೀಣಿಸುತ್ತದೆ. ರಕ್ತದ ಗ್ಯಾಸ್ಟ್ರಿನ್ ಒಂದೂವರೆ ಪಟ್ಟೋ ಎರಡು ಪಟ್ಟೋ ಏರುತ್ತದೆ. ಎರಡು ಕೋಟಿ ಲೀಟರಿನ ಕೆರೆಗೆ ಒಂದು ಗ್ರಾಂ ಬದಲು ಎರಡು ಗ್ರಾಂ ಉಪ್ಪು. ಇಷ್ಟೇ ವ್ಯತ್ಯಾಸ. ಇಷ್ಟಕ್ಕೇ ಆಮ್ಲ ಉಕ್ಕಿ, ಜಠರದ ಬಾಗಿಲು ದಾಟಿ, ಆಮ್ಲ ತಡೆಯಲಾರದ ಸಣ್ಣ ಕರುಳಿನ ಮೊದಲ ತಿರುವಿಗೆ ಬಿದ್ದು, ಅಲ್ಲಿ ಕಾಸಿನಗಲದ ಹುಣ್ಣು ಕೊರೆಯುತ್ತದೆ.

ಇಲ್ಲಿ ಸುರುಳಿ ಗೋಡೆಯನ್ನು ಕಚ್ಚಿ ತೂತು ಮಾಡಿತು ಎನ್ನುವುದಕ್ಕಿಂತ, ಸೆಕೆಂಡಿಗೆ ಹನ್ನೊಂದು ಲಕ್ಷ ಹುಟ್ಟುವ ನಮ್ಮ ದಂಡಿನ ಗಲಾಟೆಯಲ್ಲಿ ನಮ್ಮ ರಾಗಿಕಾಳಿನ ಇಪ್ಪತ್ತು ಸಾವಿರದ ಒಂದು ಪಾಲಿನ ತಕ್ಕಡಿ ವಾಲಿತು ಎನ್ನುವುದು ಹೆಚ್ಚು ಸರಿ ಎಂದು ನನಗೆ ಕಾಣುತ್ತದೆ. ಸೋಂಕು ಜಠರದ ಕೆಳಭಾಗದಲ್ಲಿ ನೆಲೆಸಿದರೆ ಹೀಗೆ. ಮೇಲ್ಭಾಗಕ್ಕೂ ಹಬ್ಬಿದರೆ ಕತೆ ತಿರುವುಮುರುವು. ಅಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸೈಟೋಕೈನ್ ಆಮ್ಲದ ಪಂಪುಗಳನ್ನೇ ನಿಲ್ಲಿಸುತ್ತದೆ, ವರ್ಷಾಂತರದಲ್ಲಿ ಆ 100 ಕೋಟಿ ಕೋಶಗಳು ಸವೆಯುತ್ತವೆ. ‘ಹೊಯ್’ ಎಂದು ಎಷ್ಟು ಕೂಗಿದರೂ ಹೊಯ್ಯಲು ಸಳನೇ ಇಲ್ಲ. ಕ್ಯಾನ್ಸರಿನ ಹಾದಿ ಅದು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಬ್ಯಾಕ್ಟೀರಿಯವನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಐವತ್ತು ಜನ ಕೂತಿದ್ದರೆ ಮೂವತ್ತು ಜನರ ಹೊಟ್ಟೆಯಲ್ಲಿ ಈ ಸುರುಳಿ ಇರುತ್ತದೆ ಎನ್ನಬಹುದು. ಪ್ರಪಂಚದಲ್ಲಿ 2015ರ ಅಂದಾಜಿಗೆ 440 ಕೋಟಿ ಜನ. ಆದರೆ ಆ ಮೂವತ್ತರಲ್ಲಿ ಹುಣ್ಣಾಗುವುದು ಮೂರರಿಂದ ಆರು ಜನಕ್ಕೆ. ಕ್ಯಾನ್ಸರ್ ನೂರರಲ್ಲಿ ಒಬ್ಬಿಬ್ಬರಿಗೆ. ಉಳಿದವರು ಏನೂ ತಿಳಿಯದೆ ಕಡ್ಲೆಕಾಯಿ ಸುಲಿಯುತ್ತಾ ಕೂತಿರುತ್ತಾರೆ. ಮಿಜೋರಾಂನಲ್ಲಿ ಜಠರದ ಕ್ಯಾನ್ಸರ್ ದೇಶದಲ್ಲೇ ಹೆಚ್ಚು, ಬೇರೆಡೆ ಸೋಂಕು ಇಷ್ಟಿದ್ದರೂ ಅಷ್ಟಿಲ್ಲ.

ಸುರುಳಿಯ ಸುದ್ದಿ ಗೊತ್ತಾಗುವ ಮೊದಲೇ ನಮ್ಮಲ್ಲೊಬ್ಬ ರೈಲ್ವೆ ಡಾಕ್ಟರು ಹುಣ್ಣಿನ ಬೆನ್ನುಹತ್ತಿದ್ದರು. ಎಸ್.ಎಲ್. ಮಲ್ಹೋತ್ರ. ದಕ್ಷಿಣದ ಅನ್ನ ತಿನ್ನುವವರಲ್ಲಿ ಹುಣ್ಣು ಹೆಚ್ಚು, ಪಂಜಾಬಿನ ರೊಟ್ಟಿ ತಿನ್ನುವವರಲ್ಲಿ ಕಡಿಮೆ ಎಂದು 1964ರಲ್ಲಿ ಬರೆದರು. ರೊಟ್ಟಿಯನ್ನು ಅಗಿಯಬೇಕು, ಅಗಿದರೆ ಜೊಲ್ಲು ಸೇರುತ್ತದೆ, ಜೊಲ್ಲು ಹೊಟ್ಟೆ ಕಾಯುತ್ತದೆ ಎಂಬುದು ಅವರ ವಾದ. ಸೋಂಕು ಉತ್ತರ ದಕ್ಷಿಣ ಎನ್ನದೆ ಎಲ್ಲೆಡೆ ಇರುವುದರಿಂದ ಆ ವಾದವನ್ನು ಪೂರಾ ತಳ್ಳಿಹಾಕುವ ಹಾಗಿಲ್ಲ. ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಎರಡು ಹೊತ್ತೂ ಮುದ್ದೆ ನುಂಗುವ ಮನುಷ್ಯ. ‘ಮುದ್ದೇನ ಅಗಿದು ತಿಂದ್ರೆ ಜನ ನಗ್ತಾರೆ ಕಣೋ’ ಅಂದರು. ಉಪ್ಪುಸಾರಿನ ಬಟ್ಟಲಿಗೆ ಬೆರಳದ್ದಿದರು.

ಕೊನೆಗೆ ಹಾಸನದಲ್ಲಿ ಹೊಟ್ಟೆಗೆ ಕ್ಯಾಮೆರಾ ಬಿಟ್ಟದ್ದು ಒಂದು ಬೆಳಿಗ್ಗೆ ಮಲ ಕಪ್ಪಗಾಗಿ ಅವರು ಹೆದರಿದ ಮೇಲೆ. ಎರಡು ವಾರ ಮೊದಲೇ ಆಮ್ಲದ ಮಾತ್ರೆ ನಿಲ್ಲಿಸಲು ಹೇಳಿದ್ದರು, ಇಲ್ಲದಿದ್ದರೆ ಸುರುಳಿಗಳು ಅಡಗಿಕೊಂಡು ಪರೀಕ್ಷೆ ಸುಳ್ಳಾಗುತ್ತದಂತೆ. ಜಠರದಿಂದ ಎಳ್ಳಿನಷ್ಟು ಚೂರು ಚಿವುಟಿ ತೆಗೆದು, ಯೂರಿಯಾ ಬೆರೆಸಿದ ಹಳದಿ ಜೆಲ್ಲಿಗೆ ಹಾಕಿದರು. ಸುರುಳಿ ಇದ್ದರೆ ಅದರ ಯೂರಿಯೇಸ್ ಯೂರಿಯಾವನ್ನು ಒಡೆಯುತ್ತದೆ, ಅಮೋನಿಯ ಹುಟ್ಟುತ್ತದೆ, ಹಳದಿ ಗುಲಾಬಿಯಾಗುತ್ತದೆ. ಉಳಿಯ ಕೆಲಸ ಆಗಿತ್ತು, ಗಂಧದ ಕೆಲಸ ಬಾಕಿ. ನಾವು ಹೊರಗೆ ಬೆಂಚಿನ ಮೇಲೆ ಕೂತು ಕಾಫಿ ಕುಡಿದು ಬರುವಷ್ಟರಲ್ಲಿ ಅದು ಕನಕಾಂಬರದ ಬಣ್ಣ ದಾಟಿ ಕೆಂಪಿಗೆ ತಿರುಗಿತ್ತು.

ಔಷಧಿ ಹದಿನಾಲ್ಕು ದಿನ. ಆಮ್ಲ ಇಳಿಸುವ ಮಾತ್ರೆ ದಿನಕ್ಕೆ ಎರಡು, ಅಮಾಕ್ಸಿಸಿಲಿನ್ ನಾಲ್ಕು, ಕ್ಲಾರಿತ್ರೊಮೈಸಿನ್ ಎರಡು. ಒಟ್ಟು 112. ಒಂದೂ ತಪ್ಪಬಾರದು, ಅರ್ಧಕ್ಕೆ ಬಿಟ್ಟರೆ ಉಳಿದ ಸುರುಳಿಗಳು ಔಷಧಿಗೆ ಬಗ್ಗದ ತಳಿಯಾಗುತ್ತವೆ. ಅಂಥ ತಳಿಗಳು ಈಗಾಗಲೇ ಎಷ್ಟು ಹಬ್ಬಿವೆಯೆಂದರೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧಿ ಬೇಕಾದ ಬ್ಯಾಕ್ಟೀರಿಯಗಳ ಪಟ್ಟಿಯಲ್ಲಿ ಕ್ಲಾರಿತ್ರೊಮೈಸಿನ್‌ಗೆ ಬಗ್ಗದ ಹೆಲಿಕೋಬ್ಯಾಕ್ಟರನ್ನೂ ಸೇರಿಸಿತು. ದೊಡ್ಡಪ್ಪ ಕೊಬ್ಬರಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ 112 ಗೀಟು ಎಳೆದುಕೊಂಡು ಒಂದೊಂದನ್ನೇ ಹೊಡೆದುಹಾಕಿದರು. ಬಾಯೆಲ್ಲ ಕಬ್ಬಿಣ ನೆಕ್ಕಿದ ರುಚಿ ಎಂದು ಬೈದರು, ಬಿಡಲಿಲ್ಲ.

ಸುರುಳಿ ಹೋದರೆ ಗ್ಯಾಸ್ಟ್ರಿನ್ ಕೆಲವೇ ವಾರದಲ್ಲಿ ತನ್ನ ಒಂದು ಗ್ರಾಂ ಉಪ್ಪಿನ ಮಟ್ಟಕ್ಕೆ ಇಳಿಯುತ್ತದೆ. ಡಿ ಕೋಶಗಳು ಚೇತರಿಸಿಕೊಳ್ಳುತ್ತವೆ. ನ್ಯೂಟ್ರೋಫಿಲ್‌ಗಳು ಬೇಗ ಜಾಗ ಖಾಲಿ ಮಾಡುತ್ತವೆ, ಲಿಂಫೋಸೈಟುಗಳು ಮಾತ್ರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಗೋಡೆಯಲ್ಲೇ ಅಡ್ಡಾಡುತ್ತಿರುತ್ತವೆ. ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ಕೆಲವರು ದಪ್ಪಗಾಗುವುದೂ ಉಂಟು. ದೊಡ್ಡಪ್ಪ ಆಗಿದ್ದಾರೆ.

ವರ್ಷದ ಮೇಲೆ, ಬೇರೆ ಯಾವುದೋ ಕಾರಣಕ್ಕೆ ರಕ್ತ ಕೊಟ್ಟಾಗ, ಯಾರೋ ಹೆಲಿಕೋಬ್ಯಾಕ್ಟರ್ ಆಂಟಿಬಾಡಿಯನ್ನೂ ಬರೆದುಕೊಟ್ಟಿದ್ದರು. ಪಾಸಿಟಿವ್ ಬಂತು. ದೊಡ್ಡಪ್ಪ ಗಾಬರಿಯಾಗಿ ಫೋನ್ ಮಾಡಿದರು. ಸುರುಳಿ ಇಲ್ಲ ದೊಡ್ಡಪ್ಪ, ಉಸಿರಿನ ಪರೀಕ್ಷೆಯಲ್ಲಿ ಆಗಲೇ ಗೊತ್ತಾಗಿದೆ, ಇದು ದಂಡಿನವರ ಹಳೇ ದಫ್ತರ, ಹೆಸರು ಹೊಡೆದುಹಾಕಲು ಅವರಿಗೆ ವರ್ಷಗಳೇ ಬೇಕು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಬೇಲೂರಿನ ಗೈಡು ಈಗಲೂ ವಿಗ್ರಹದ ಹೊಕ್ಕುಳಿಗೆ ಬೆರಳು ತೋರಿಸಿ ಕಪ್ಪೆಯ ಕತೆ ಹೇಳುತ್ತಾನಲ್ಲ ದೊಡ್ಡಪ್ಪ, ಹಾಗೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಕಪ್ಪೆ ಹೋಯ್ತು ಅಂತೀಯ’ ಅಂದರು. ‘ಹೋಯ್ತು.’ ‘ಸರಿ, ಇವತ್ತು ಕೊಬ್ಬರಿ ದರ ನೋಡಿದ್ಯಾ?’